ಮನೆ ಹತ್ತಿದ ಗುಡ್ಡ

ಫಿಲಿಪ್ಪೀನ್ಸಿನ ಲಿಮುನಾವ್ ದ್ವೀಪಕ್ಕೆ ದೋಣಿಯಲ್ಲಿ ಹೋಗುವವರಿಗೆ ಮೊದಲು ಕಾಣುವುದು ತೆಂಗಿನ ಸಾಲು, ಆಮೇಲೆ ಇಗರ್ಜಿಯ ಗೋಪುರ, ಅದರ ಹಿಂದೆ ಒಂದು ಗುಡ್ಡ. ಗುಡ್ಡವೆಂದರೆ ಅಂಥ ದೊಡ್ಡದೇನಲ್ಲ. ಊರಿನ ಆಡುಗಳು ಬೆಳಗ್ಗೆ ಹತ್ತಿ ಮೇಯ್ದುಕೊಂಡು ಸಂಜೆಗೆ ತಾವಾಗಿಯೇ ಇಳಿದು ಬರುವಷ್ಟರದು. ಹೆಸರು ಪಸಾನ್. ಹೆಗಲ ಮೇಲೆ ಹೊರುವುದು ಎಂದು ಆ ಕಡೆಯ ಮಾತಿನಲ್ಲಿ ಅದರ ಅರ್ಥ. ನೆತ್ತಿಯ ಮೇಲೆ ಒಂದಿಷ್ಟು ಸಮತಟ್ಟು ಜಾಗ, ಅದರ ನಾಲ್ಕು ಮೂಲೆಗೆ ನಾಲ್ಕು ಚಪ್ಪಟೆ ಕಲ್ಲು. ಗೋಡೆಯಿಲ್ಲ, ಮಾಡಿಲ್ಲ, ಸಮಾಧಿಯಿಲ್ಲ. ಇದೇನು ಎಂದು ಕೇಳಿದರೆ ದೋಣಿಕಟ್ಟೆಯ ಗೈಡುಗಳು, ಹಿಂದೆ ಒಬ್ಬ ರಾಕ್ಷಸ ಈ ಗುಡ್ಡವನ್ನು ಹೆಗಲ ಮೇಲೆ ಹೊತ್ತು ತಂದನೆಂದೂ, ನಾಲ್ಕು ಕಲ್ಲು ಅವನ ಪೀಠದ ಕಾಲುಗಳೆಂದೂ ಕತೆ ಕಟ್ಟುತ್ತಾರೆ. ಕೇಳುವವರೂ ಕೇಳುತ್ತಾರೆ, ಪಾಪ. ಊರಿನ ಹಿರಿಯರ ಮುಂದೆ ಆ ಮಾತೆತ್ತಿದರೆ ಮಾತ್ರ ಅವರು ಬಾಯೊಳಗಿನ ಎಲೆಯಡಿಕೆಯನ್ನು ಉಗಿದು, "ರಾಕ್ಷಸನೂ ಇಲ್ಲ, ಗೀಕ್ಷಸನೂ ಇಲ್ಲ. ಹೊತ್ತವರು ನಮ್ಮ ಜನ, ಹೊತ್ತದ್ದು ಒಂದು ಮನೆ" ಎನ್ನುತ್ತಾರೆ.

ಮನೆಯನ್ನು ಹೊರುವುದೆಂದರೆ ನಮ್ಮ ಕಡೆಯವರಿಗೆ ನಗು ಬಂದೀತು. ಆ ದ್ವೀಪಗಳಲ್ಲಿ ಅದು ಹೊಸತಲ್ಲ. ಅಲ್ಲಿಯ ಹಳೆಯ ಮನೆಗಳು ಬಿದಿರಿನವು; ನೆಲದಿಂದ ಆಳೆತ್ತರ ಮೇಲೆ, ಕಂಬಗಳ ಮೇಲೆ ನಿಂತವು. ಬಿದಿರ ದಬ್ಬೆಯ ನೆಲ, ಹೆಣೆದ ತಟ್ಟಿಯ ಗೋಡೆ, ತಾಳೆಗರಿಯ ಮಾಡು, ಹತ್ತಲು ಒಂದು ಏಣಿ. ಕಂಬಗಳನ್ನು ಮಣ್ಣಿನಲ್ಲಿ ಹೂಳುವುದಿಲ್ಲ, ಕಲ್ಲಿನ ಮೇಲೆ ಕೂರಿಸುತ್ತಾರೆ. ಜಾಗ ಬದಲಾಯಿಸಬೇಕಾದಾಗ ಮನೆಯನ್ನು ಕೆಡವುವ ಗೋಜಿಗೇ ಹೋಗುವುದಿಲ್ಲ. ನೆಲದ ಅಡಿಗೆ ಉದ್ದಕ್ಕೂ ಅಡ್ಡಕ್ಕೂ ಗಟ್ಟಿ ಬಿದಿರ ಗಳಗಳನ್ನು ಕಟ್ಟಿ, ಊರಿನ ಗಂಡಸರೆಲ್ಲ ಹೆಗಲು ಕೊಟ್ಟು, ಮನೆಗೆ ಮನೆಯನ್ನೇ ಎತ್ತಿಕೊಂಡು ಹೋಗುತ್ತಾರೆ. ಕೂಲಿಯ ಮಾತಿಲ್ಲ, ಮನೆಯವರು ಕೊನೆಯಲ್ಲಿ ಗಂಜಿ ಮತ್ತು ತೆಂಗಿನ ಕಳ್ಳು ಕೊಟ್ಟರಾಯಿತು. ಆದರೆ ಒಬ್ಬ ಬೇಕೇಬೇಕು: ಸೊಲ್ಲು ಹಾಕುವವ. ಅವನು ಗಳಕ್ಕೆ ಹೆಗಲು ಕೊಡುವುದಿಲ್ಲ, ಮುಂದೆ ನಿಂತು ಕೂಗುತ್ತಾನೆ. ಅವನ ಕೂಗಿಗೆ ಎಲ್ಲರ ಕಾಲೂ ಒಟ್ಟಿಗೆ ಏಳಬೇಕು, ಒಟ್ಟಿಗೆ ಬೀಳಬೇಕು. ಒಬ್ಬನ ಹೆಜ್ಜೆ ತಪ್ಪಿದರೂ ಭಾರ ಪಕ್ಕದವನ ಮೇಲೆ ಬಿದ್ದು, ಅವನದು ಇನ್ನೊಬ್ಬನ ಮೇಲೆ ಬಿದ್ದು, ಮನೆ ಮಗುಚಿಕೊಳ್ಳುತ್ತದೆ.

ಹಿಂದೆ ಒಮ್ಮೆ, ಸ್ಪೇನಿನ ಪಾದ್ರಿಗಳು ಬಂದು ಬಿದಿರಿನ ಇಗರ್ಜಿ ಕಟ್ಟಿದ್ದ ಕಾಲದಲ್ಲಿ, ಈ ಊರಿನಲ್ಲಿ ಮಕಾರಿಯೋ ಎಂಬ ಮೀನುಗಾರನಿದ್ದ. ಸೊಲ್ಲು ಹಾಕುವುದರಲ್ಲಿ ಅವನನ್ನು ಮೀರಿಸುವವರು ಆ ದ್ವೀಪದಲ್ಲೇ ಇರಲಿಲ್ಲ ಎನ್ನುತ್ತಾರೆ. ಗಂಟಲು ದೊಡ್ಡದು, ಮನಸ್ಸೂ ದೊಡ್ಡದೇ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಮಗಳು ಸಿಮಿಯೋನಾಳನ್ನು ಅಂಗೈಯಲ್ಲಿಟ್ಟುಕೊಂಡು ಸಾಕಿದ್ದ. ಊರಿಗೆಲ್ಲ ಅವಳು ಓನಾ. ಆ ಓನಾ ಹೋಗಿ ಹೋಗಿ ಕ್ರಿಸ್ಪುಲೋನನ್ನು ಒಪ್ಪಿಕೊಂಡಳು. ಅವನು ಆಚೆ ದ್ವೀಪದಿಂದ ಬಂದ ಉಪ್ಪು ಕಾಯಿಸುವವ. ಹಿಂದೆ ಬಂಧುವಿಲ್ಲ, ಮುಂದೆ ಬಳಗವಿಲ್ಲ. ಮಕಾರಿಯೋ ಕುಣಿದಾಡಿಬಿಟ್ಟ. "ಸಮುದ್ರದ ಮೀನು ಹಿಡಿಯುವವನ ಮಗಳಿಗೆ ಸಮುದ್ರದ ನೀರು ಕುದಿಸುವವನೇ ಸಿಕ್ಕಿದನೇ?" ಎಂದ. ಓನಾ ಅಪ್ಪನ ಮಗಳೇ ತಾನೇ, ಅವಳೂ ಬಗ್ಗಲಿಲ್ಲ. ಕೊನೆಗೆ ಅವನು ಎಲ್ಲರೆದುರು ಎದೆ ಬಡಿದುಕೊಂಡು, "ಮಾಡಿಕೋ ಹೋಗು. ನಿನ್ನ ಮನೆಗೆ ನನ್ನ ಹೆಗಲು ತಾಗುವುದಿಲ್ಲ, ನನ್ನ ಸೊಲ್ಲೂ ಏಳುವುದಿಲ್ಲ" ಎಂದು ಆಣೆಯಿಟ್ಟ.

ಮದುವೆಯ ಮರುದಿನ ಹೊಸ ಜೋಡಿಯ ಮನೆಯನ್ನು ಊರಿನವರು ಹೊತ್ತು ತಂದು ಕೂರಿಸುವುದು ಅಲ್ಲಿಯ ವಾಡಿಕೆ. ಉಪ್ಪಿನ ಒಲೆಗಳ ಬಳಿಯಿದ್ದ ಕ್ರಿಸ್ಪುಲೋನ ಪುಟ್ಟ ಮನೆಯನ್ನು ಗುಡ್ಡದ ಬುಡದ ಗಟ್ಟಿ ನೆಲಕ್ಕೆ ತರಬೇಕಿತ್ತು. ಗಂಡಸರು ಹೆಗಲು ಕೊಟ್ಟರು, ಆದರೆ ಮಕಾರಿಯೋ ಬರಲಿಲ್ಲ. ಅವನು ತನ್ನ ದೋಣಿಯ ಮರೆಯಲ್ಲಿ ಕೂತು ಹರಿಯದ ಬಲೆಯನ್ನೇ ಹೊಲಿಯುತ್ತಿದ್ದ. ಮುಂದೆ ಒಬ್ಬ ಒಂದು ಕೂಗಿದ, ಹಿಂದೆ ಇನ್ನೊಬ್ಬ ಇನ್ನೊಂದು ಕೂಗಿದ. ಅಡಿಗಡಿಗೂ ಹೆಜ್ಜೆ ತಪ್ಪಿ, ಮನೆ ಅತ್ತ ಓಲಿ ಇತ್ತ ಓಲಿ, ಬಡಿದಾಡಿ ಅರ್ಧ ದಾರಿಗೆ ಬರುವಷ್ಟರಲ್ಲಿ ಎಲ್ಲರಿಗೂ ಸಾಕೋಸಾಕಾಯಿತು. ಮರಳಿನಂಚಿನಲ್ಲೇ ಅದನ್ನು ಇಳಿಸಿ, "ಮುದುಕನ ಸಿಟ್ಟು ಇಳಿಯಲಿ, ಉಳಿದದ್ದನ್ನು ನಾಳೆ ಹೊತ್ತರಾಯಿತು" ಎಂದು ಹೊರಟುಹೋದರು. ಆ ನಾಳೆ ಬರಲೇ ಇಲ್ಲ. ಮನೆ ಉಬ್ಬರದ ನೀರು ಮುಟ್ಟುವಷ್ಟು ಹತ್ತಿರದಲ್ಲಿ ಹಾಗೆಯೇ ಉಳಿಯಿತು.

ದಿನವೂ ದೋಣಿಗೆ ಹೋಗುವಾಗ ಮಕಾರಿಯೋ ಆ ಮನೆಯ ಮುಂದೆಯೇ ಹಾದುಹೋಗಬೇಕು. ತಲೆಯೆತ್ತಿ ನೋಡುತ್ತಿರಲಿಲ್ಲ, ಓರೆಗಣ್ಣಿನಲ್ಲಿ ಮಾತ್ರ ಒಂದನ್ನೂ ಬಿಡುತ್ತಿರಲಿಲ್ಲ. ಏಣಿಯ ನಡುವಿನ ಮೆಟ್ಟಿಲೊಂದು ಮುರಿದದ್ದು ಕಂಡಿತು. ಮಗಳ ಹೊಟ್ಟೆ ಮುಂದಾದದ್ದೂ ಕಂಡಿತು. ಬಸುರಿ ಹೆಂಗಸು ಆ ಮುರಿದ ಮೆಟ್ಟಿಲಿನ ಮೇಲೆ ಕಾಲಿಟ್ಟರೆ ಏನು ಗತಿ ಎಂದು ದೋಣಿಯಲ್ಲೂ ಅದನ್ನೇ ನೆನೆಯುತ್ತಿದ್ದ. ಒಂದು ಮಾತು ಹೇಳಲು ಬಾಯಿ ತೆರೆದದ್ದೂ ಉಂಟು. ಆದರೆ ಆಣೆ ಅಡ್ಡ ಬರುತ್ತಿತ್ತು. ಕೆಮ್ಮಿದಂತೆ ಮಾಡಿ ಮುಂದೆ ನಡೆದುಬಿಡುತ್ತಿದ್ದ. ಅವಳೂ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳೇ ಹೊರತು ಕರೆಯುತ್ತಿರಲಿಲ್ಲ.

ಹೀಗಿರುವಾಗ ಸಂತ ರಫಾಯೆಲನ ಹಬ್ಬ ಬಂತು. ಪಯಣಿಗರನ್ನು ಕಾಯುವ ಆ ಸಂತ ಊರಿನ ಒಡೆಯ. ಅವನ ಹಬ್ಬದಂದು ಒಲೆ ಹೊತ್ತಿಸುವ ಮನೆಯೇ ಇಲ್ಲ, ಎಲ್ಲರ ಊಟವೂ ಇಗರ್ಜಿಯ ಅಂಗಳದಲ್ಲಿ. ಕೆಂಡದ ಮೇಲೆ ಹಂದಿಗಳು ತಿರುಗುತ್ತಿದ್ದವು, ಬಿದಿರ ಕೊಳವೆಗಳಲ್ಲಿ ಕಳ್ಳು ಕೈಯಿಂದ ಕೈಗೆ ಹೋಗುತ್ತಿತ್ತು, ತಮಟೆ ಕಿವಿಗಡಚಿಕ್ಕುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಏಡಿಗಳು ಬಂದವು. ಮರಳಿನ ಬಿಲಗಳನ್ನು ಬಿಟ್ಟು, ಕುಣಿಯುವವರ ಕಾಲಡಿಯಲ್ಲೇ ನುಗ್ಗಿ, ಅಂಗಳ ದಾಟಿ ಗುಡ್ಡದ ಕಡೆಗೆ ಹರಿದವು. ಹೆಂಗಸರು ಚೀರಿ ನಕ್ಕರು. ಮಕಾರಿಯೋ ನಗಲಿಲ್ಲ. ಸಂತನ ಪಲ್ಲಕ್ಕಿಗೆ ಸೊಲ್ಲು ಹಾಕಬೇಕಾದವನು ಅವನೇ ಆದ್ದರಿಂದ ಆ ದಿನ ಕಳ್ಳು ಮುಟ್ಟಿರಲಿಲ್ಲ. ಅವನು ಅಂಗಳದ ಅಂಚಿಗೆ ಹೋಗಿ ಸಮುದ್ರದ ಕಡೆ ನೋಡಿದ. ಸಮುದ್ರ ಇರಲಿಲ್ಲ. ನೀರು ಎಷ್ಟೋ ದೂರ ಹಿಂದೆ ಸರಿದು, ಎಂದೂ ಕಾಣದ ಹವಳದ ಬಂಡೆಗಳು ಬಿಸಿಲು ಕಾಯುತ್ತಿದ್ದವು.

ತುಫಾನಿಗೆ ಮುಂಚೆ ಹೀಗೆ ಹಿಂದೆ ಹೋದ ನೀರು ಹೇಗೆ ತಿರುಗಿ ಬರುತ್ತದೆಂದು ಅವನ ಅಜ್ಜ ಹೇಳಿದ್ದು ಅವನಿಗೆ ನೆನಪಿತ್ತು. ಅವನು ಬಾಯಿಯ ಇಬ್ಬದಿಗೂ ಕೈ ಹಿಡಿದು, "ಗುಡ್ಡ ಹತ್ತಿ! ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಹತ್ತಿ!" ಎಂದು ಕೂಗಿದ. ತಮಟೆ ನಿಂತಿತು. ಮುದುಕರನ್ನು ಬೆನ್ನ ಮೇಲೆ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಜನ ಓಡತೊಡಗಿದರು. ಮಕಾರಿಯೋ ಒಂದೊಂದೇ ಮುಖವನ್ನು ನೋಡುತ್ತ ನಿಂತ. ಎಲ್ಲರೂ ಬಂದರು. ಓನಾ ಬರಲಿಲ್ಲ. ಅವನ ಗೆಳೆಯ ಬೆನಿತೋನ ಹೆಂಡತಿ ಅವನ ತೋಳು ಹಿಡಿದು, "ಅಣ್ಣಾ, ನಿಮಗೆ ಯಾರೂ ಹೇಳಲಿಲ್ಲವೇ? ಅವಳಿಗೆ ಬೆಳಗ್ಗೆಯಿಂದ ಬೇನೆ. ಪೆಲಾಗಿಯಾ ಅಜ್ಜಿ ಅಲ್ಲೇ ಇದ್ದಾಳೆ" ಎಂದಳು. ಯಾರು ಹೇಳುತ್ತಾರೆ? ಅವಳ ಹೆಸರೆತ್ತಿದರೆ ಸಿಡಿದು ಬೀಳುವವನು ಅವನೇ ಅಲ್ಲವೇ. ಅವನು ಗುಡ್ಡಕ್ಕೆ ಬೆನ್ನು ಹಾಕಿ ಕೆಳಕ್ಕೆ ಓಡಿದ. ಬೆನಿತೋ ಓಡಿದ, ಬೆನಿತೋನ ಹಿಂದೆ ಗಟ್ಟಿಗರೆಲ್ಲ ಓಡಿದರು.

ಕ್ರಿಸ್ಪುಲೋ ಮನೆಯ ಅಡಿಯಲ್ಲಿ ಮಚ್ಚು ಹಿಡಿದು ಕಾವಲು ನಿಂತಿದ್ದ. ಹೆರಿಗೆಯ ಮನೆಯ ನೆಲದಡಿಗೆ ದೆವ್ವ ಬಂದು ಕೂರುತ್ತದೆಂಬ ನಂಬಿಕೆಯಿಂದ ಗಂಡನಾದವನು ಹಾಗೆ ಕಾಯುವುದು ಅಲ್ಲಿಯ ಪದ್ಧತಿ. ಮಾವನನ್ನು ಕಂಡು ಅವನು ಮಚ್ಚನ್ನು ಕೆಳಗಿಟ್ಟ. ಅಷ್ಟರಲ್ಲಿ ಗಾಳಿ ಎದ್ದಿತ್ತು. ಮಕಾರಿಯೋ ಏಣಿಯ ಬುಡದಿಂದಲೇ, "ಅಜ್ಜೀ, ಅವಳನ್ನು ಎತ್ತಿ ಕೊಡಿ, ನೀರು ಬರುತ್ತಿದೆ!" ಎಂದು ಕೂಗಿದ.

ಸೂಲಗಿತ್ತಿ ಪೆಲಾಗಿಯಾ ಕಿಟಕಿಯಲ್ಲಿ ಮುಖ ಹಾಕಿದಳು. "ಬುದ್ಧಿ ಇದೆಯೇನೋ ನಿನಗೆ? ಬೇನೆ ತಿನ್ನುವವಳನ್ನು ಹೊಸ್ತಿಲು ದಾಟಿಸುವುದುಂಟೇ? ಪದ್ಧತಿ ಹಾಳಾಗಿ ಹೋಗಲಿ, ಮಗು ಅಡ್ಡ ತಿರುಗಿದೆ. ಈಗಷ್ಟೇ ನೆಟ್ಟಗೆ ಮಾಡುತ್ತಿದ್ದೇನೆ. ಇವಳನ್ನು ಬಗ್ಗಿಸಿ ಈ ಏಣಿ ಇಳಿಸಿದರೆ ಎರಡು ಜೀವವೂ ಇಲ್ಲೇ ಮುಗಿಯಿತು. ನೀವು ಹೋಗಿ. ನಾನು ಇವಳನ್ನು ಬಿಟ್ಟು ಬರುವುದಿಲ್ಲ."

ಅತ್ತ ದರಿ, ಇತ್ತ ಪುಲಿ. ಮಕಾರಿಯೋ ಹಿಂದೆ ತಿರುಗಿ ನೋಡಿದ. ದೂರದಲ್ಲಿ, ಸಮುದ್ರ ಮತ್ತು ಆಕಾಶ ಸೇರುವಲ್ಲಿ, ಒಂದು ಬಿಳಿಯ ಗೆರೆ ಎದ್ದಿತ್ತು. ಒಳಗೆ ಓನಾ ನರಳಿದಳು. ಆ ಸದ್ದು ಕೇಳಿ ಅವನು, "ಅವಳು ಮನೆ ಬಿಟ್ಟು ಬರಬಾರದು ತಾನೇ? ಹಾಗಾದರೆ ಮನೆಯೇ ಬರಲಿ" ಎಂದ.

ಬೆನಿತೋ ಅಡ್ಡ ಬಂದ. "ಮಕಾರಿಯೋ, ಬೇಡ ಕಣೋ. ಬರಿದು ಮಾಡದೆ ಮನೆಯನ್ನು ಯಾರೂ ಹೊತ್ತದ್ದಿಲ್ಲ. ಜನರನ್ನು ಒಳಗೆ ಮಲಗಿಸಿ ಹೊರುವುದು ಹೆಣಕ್ಕೆ ಮಾತ್ರ. ಇದು ಅವಳ ಚಟ್ಟ ಕಟ್ಟಿದ ಹಾಗೆ."

"ಇಲ್ಲಿ ಬಿಟ್ಟರೆ ಚಟ್ಟವೂ ಸಿಗುವುದಿಲ್ಲ, ಬೆನಿತೋ" ಎಂದ ಮಕಾರಿಯೋ. "ಗಳ ತನ್ನಿ! ಹಗ್ಗ ತನ್ನಿ!"

"ತರುವುದು ಬೇಡ, ಮಾವ" ಎಂದ ಕ್ರಿಸ್ಪುಲೋ. ಮಕಾರಿಯೋ ಬಗ್ಗಿ ನೋಡಿದ. ಮದುವೆಯ ಮರುದಿನ ಕಟ್ಟಿದ ಗಳಗಳು ನೆಲದಡಿಯಲ್ಲಿ ಹಾಗೆಯೇ ಇದ್ದವು. ಉಪ್ಪುಗಾಳಿಗೆ ಕಪ್ಪಾಗಿದ್ದವು, ಹಗ್ಗಗಳಿಗೆ ಮಾತ್ರ ಹೊಸ ಗಂಟು ಬಿದ್ದಿತ್ತು. "ಇದನ್ನು ಯಾಕೆ ಬಿಚ್ಚಿರಲಿಲ್ಲ?" ಎಂದು ಕೇಳಿದ, ಕೇಳುವ ಹೊತ್ತೇ ಅದು! "ಅವಳು ಬಿಚ್ಚಲು ಬಿಡಲಿಲ್ಲ. ಒಂದಲ್ಲ ಒಂದು ದಿನ ಅಪ್ಪ ಬರುತ್ತಾನೆ, ಆಗ ಗಳ ಕಟ್ಟುತ್ತ ಕೂರುವುದು ಬೇಡ ಎನ್ನುತ್ತಿದ್ದಳು" ಎಂದ ಅಳಿಯ. ಮುದುಕನ ಕಣ್ಣು ತುಂಬಿ ಬಂತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಅದು ಬಾರದಿದ್ದರೂ ಸರಿ, ಮಗಳು ಉಳಿಯಲಿ ಎಂದು ಅವನು ಸಂತನನ್ನು ಬೇಡಿಕೊಂಡ.

ಗಂಡಸರು ಏಣಿಯನ್ನು ಎತ್ತಿ ಮನೆಗೇ ಕಟ್ಟಿ, ಗಳಗಳ ಅಡಿಗೆ ನುಗ್ಗಿದರು. ಮಕಾರಿಯೋ ಮುಂದೆ ನಿಂತು ಎದೆ ತುಂಬ ಉಸಿರೆಳೆದು ಸೊಲ್ಲು ಎತ್ತಿದ. ಮನೆ ಕಲ್ಲುಗಳಿಂದ ಮೇಲೆದ್ದಿತು, ಒಂದೆರಡು ಹೆಜ್ಜೆ ಸಾಗಿತು. ತಕ್ಷಣ ಒಳಗಿಂದ ಓನಾಳ ಚೀರಾಟ, ಅದರ ಮೇಲೆ ಪೆಲಾಗಿಯಾಳ ಬೈಗುಳ. "ಬಾಯಿ ಮುಚ್ಚೋ! ನಿನ್ನ ಕೂಗಿಗೆ ನಡೆದರೆ ಇವಳು ಸಾಯುತ್ತಾಳೆ. ಇವಳಿಗೆ ನೋವು ಬಂದಾಗ ಅಲುಗಾಡಬೇಡಿ, ನೋವು ಇಳಿದಾಗ ನಡೆಯಿರಿ. ಇವಳನ್ನು ಕೇಳಿಕೊಂಡು ನಡೆಯಿರಿ!"

ಊರಿನಲ್ಲೆಲ್ಲ ದೊಡ್ಡ ಗಂಟಲು ಎನಿಸಿಕೊಂಡವನ ಬಾಯಿ ಆ ದಿನ ಮುಚ್ಚಿತು. "ಎಲ್ಲರೂ ಕೇಳಿ. ಇವತ್ತು ಸೊಲ್ಲು ಅವಳದು. ಅವಳು ಕೂಗಿದರೆ ನಿಲ್ಲಿ, ಸುಮ್ಮನಾದರೆ ನಡೆಯಿರಿ. ಯಾರೂ ಉಸಿರೆತ್ತಬೇಡಿ" ಎಂದು ತಗ್ಗಿದ ದನಿಯಲ್ಲಿ ಹೇಳಿದ. ಸೊಲ್ಲಿಲ್ಲದ ಸೊಲ್ಲುಗಾರ ಮುಂದೆ ನಿಂತು ಮಾಡುವುದೇನು? ಅಳಿಯನ ಪಕ್ಕದಲ್ಲಿ ಗಳದ ಅಡಿಗೆ ಬಗ್ಗಿ, ತಾಗುವುದಿಲ್ಲ ಎಂದು ಆಣೆಯಿಟ್ಟ ಆ ಹೆಗಲನ್ನೇ ಮಗಳ ಮನೆಗೆ ಕೊಟ್ಟ.

ಹಾಗೆ ಮನೆ ಗುಡ್ಡ ಹತ್ತತೊಡಗಿತು. ಓನಾ ಕೂಗುತ್ತಿದ್ದಳು, ಎಲ್ಲರೂ ಕಂಬದಂತೆ ನಿಲ್ಲುತ್ತಿದ್ದರು. ಕೂಗು ಇಳಿಯುತ್ತಿತ್ತು, ಎಲ್ಲರ ಕಾಲುಗಳೂ ಒಟ್ಟಿಗೆ ಏಳುತ್ತಿದ್ದವು. ಗಾಳಿ ತಾಳೆಗರಿಗಳನ್ನು ಕಿತ್ತು ಕಿತ್ತು ಎಸೆಯುತ್ತಿತ್ತು, ಮಳೆ ಮುಖಕ್ಕೆ ಅಪ್ಪಳಿಸುತ್ತಿತ್ತು. ಗುಡ್ಡದ ಬುಡ ದಾಟುವಷ್ಟರಲ್ಲಿ ನೀರು ಬಂತು. ಹಿಂದಿನ ಸಾಲಿನವರ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಸರಿಯಾಗಿ ಆ ಹೊತ್ತಿಗೇ ಓನಾಳಿಗೆ ನೋವೆದ್ದಿತು. ಅವಳು ಕೂಗಿದಳು. ಸೊಂಟದವರೆಗಿನ ನೀರಿನಲ್ಲಿ, ಸೆಳೆತಕ್ಕೆ ಕಾಲಡಿಯ ಮಣ್ಣು ಜಾರುತ್ತಿದ್ದರೂ, ಹಿಂದಿನ ಸಾಲಿನವರು ಅಲ್ಲಾಡದೆ ನಿಂತರು. ಒಬ್ಬನಾದರೂ ಮುಂದೆ ನೂಕಲಿಲ್ಲ, ನಡೆಯಿರೋ ಎನ್ನಲಿಲ್ಲ. ಅಂಥ ಜನ ಅವರು! ನೋವು ಇಳಿದ ಮೇಲೆಯೇ ಹೆಜ್ಜೆಯೆತ್ತಿ ನೀರಿನಿಂದ ಮೇಲೆ ಬಂದರು.

ದಾರಿ ದೊಡ್ಡ ಬಂಡೆಯೊಂದನ್ನು ಬಳಸಿ ತಿರುಗುವ ಜಾಗ ಬಂತು. ಅಲ್ಲಿಂದ ಮುಂದೆ ಕೂಗು ಕೇಳಲಿಲ್ಲ. ಮೊದಲು ಎಲ್ಲರಿಗೂ ಖುಷಿಯೇ ಆಯಿತು, ನಿಲ್ಲದೆ ಏರಿದರು. ಇನ್ನಷ್ಟು ಏರಿದರು. ಆಗಲೂ ಕೂಗಿಲ್ಲ. ನಿಧಾನಕ್ಕೆ ಒಬ್ಬೊಬ್ಬರ ಮುಖದ ಬಣ್ಣವೂ ಇಳಿಯಿತು. ಇಷ್ಟು ಹೊತ್ತು ಕೂಗದೆ ಬೇನೆ ತಿನ್ನುವ ಹೆಂಗಸು ಎಲ್ಲಾದರೂ ಉಂಟೇ? ಬೆನಿತೋ ಹೇಳಿದ ಮಾತು ಎಲ್ಲರ ಕಿವಿಯಲ್ಲೂ ಗುಂಯ್‌ಗುಟ್ಟುತ್ತಿತ್ತು: ಜನರನ್ನು ಒಳಗೆ ಮಲಗಿಸಿ ಹೊರುವುದು ಹೆಣಕ್ಕೆ ಮಾತ್ರ. ಬೆನಿತೋ ತಾನೇ ಆ ಮಾತಾಡಿದ್ದಕ್ಕೆ ತುಟಿ ಕಚ್ಚಿಕೊಂಡು ಅಳುತ್ತಿದ್ದ.

"ಮಾವ, ಅವಳ ದನಿಯಿಲ್ಲ. ನಾನು ಮೇಲೆ ಹೋಗಿ ನೋಡುತ್ತೇನೆ" ಎಂದು ಕ್ರಿಸ್ಪುಲೋ ಹೆಗಲು ಸರಿಸಲು ಹೋದ.

"ಬಿಟ್ಟೀಯೆ, ಜೋಕೆ. ನೀನು ಬಿಟ್ಟರೆ ಮನೆ ಮಗುಚುತ್ತದೆ" ಎಂದ ಮಕಾರಿಯೋ. ಆಮೇಲೆ, ಅಳಿಯನನ್ನು ಎಂದೂ ಮಗನೆಂದು ಕರೆಯದವನು, "ನಡೆ ಮಗನೇ. ಕೂಗದಿದ್ದರೆ ನಡೆಯಿರಿ ಎಂದು ಅಜ್ಜಿ ಹೇಳಿದ್ದಾಳೆ, ನಡೆಯೋಣ" ಎಂದ. ಮಗಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದದ್ದು, ತಾನು ಕೆಮ್ಮಿದಂತೆ ಮಾಡಿ ಹೋಗುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಹಠ ನನ್ನದು, ಅವಳದಲ್ಲ, ರಫಾಯೆಲಪ್ಪಾ, ನನ್ನನ್ನು ಬೇಕಾದರೆ ಈ ದಾರಿಯಲ್ಲೇ ಕೆಡವು ಎಂದು ಹೆಜ್ಜೆಹೆಜ್ಜೆಗೂ ಗೊಣಗಿಕೊಂಡ.

ನೆತ್ತಿ ತಲುಪಿದರು. ಮೊದಲೇ ಬಂದಿದ್ದ ಊರಿನ ಹೆಂಗಸರು, ಮುದುಕರು ಮಳೆಯಲ್ಲಿ ತೊಯ್ದು ನಿಂತಿದ್ದರು; ಮನೆಯೊಂದು ಗುಡ್ಡ ಹತ್ತಿ ಬಂದದ್ದನ್ನು ಕಂಡು ಶಿಲುಬೆ ಗುರುತು ಹಾಕಿಕೊಂಡರು. ಅವರೇ ನಾಲ್ಕು ಚಪ್ಪಟೆ ಕಲ್ಲು ತಂದು ಮೂಲೆಗಿಟ್ಟರು. ಇಳಿಸೋಣವೆಂದು ಎಲ್ಲರೂ ಮಂಡಿ ಬಗ್ಗಿಸುವಷ್ಟರಲ್ಲಿ ಪೆಲಾಗಿಯಾ ಒಳಗಿಂದ, "ಇಳಿಸಬೇಡಿ! ಕೂದಲೆಳೆಯಷ್ಟೂ ಅಲುಗಿಸಬೇಡಿ!" ಎಂದಳು. ಯಾಕೆ, ಏನು, ಬದುಕಿದ್ದಾಳೋ ಇಲ್ಲವೋ, ಒಂದನ್ನೂ ಹೇಳಲಿಲ್ಲ. ಬಗ್ಗಿದ ಮಂಡಿ ಬಗ್ಗಿದಂತೆಯೇ ನಿಂತಿತು. ಹೆಗಲ ಚರ್ಮ ಸುಲಿದು ರಕ್ತ ಮಳೆಯ ಜೊತೆ ಇಳಿಯುತ್ತಿತ್ತು, ತೊಡೆಗಳು ನಡುಗುತ್ತಿದ್ದವು. ಕೆಳಗೆ ಊರಿದ್ದ ಜಾಗದಲ್ಲಿ ಕೆಂಪು ನೀರು ಸುತ್ತುತ್ತಿತ್ತು. ಇಗರ್ಜಿಯ ಮಾಡು ತೇಲಿ ಹೋಯಿತು, ಯಾರೂ ಅತ್ತ ತಿರುಗಿ ನೋಡಲಿಲ್ಲ. ಇಡೀ ಊರು ಒಂದು ತಟ್ಟಿಯ ಗೋಡೆಗೆ ಕಿವಿಗೊಟ್ಟು ನಿಂತಿತ್ತು.

ಆಗ ಕೂಸು ಅತ್ತಿತು.

ಮೊದಲು ಸಣ್ಣಗೆ, ಬೆಕ್ಕಿನ ಮರಿಯ ಹಾಗೆ. ಆಮೇಲೆ ದ್ವೀಪಕ್ಕೆ ದ್ವೀಪವೇ ಕೇಳುವಂತೆ. ಪೆಲಾಗಿಯಾ, "ಹುಡುಗಿ! ಅಜ್ಜನ ಗಂಟಲು ಬಂದಿದೆ ಇದಕ್ಕೆ, ಹಾಳಾದ್ದು!" ಎಂದು ಅಳುತ್ತ ನಕ್ಕಳು. ಗಂಡಸರು ಮನೆಯನ್ನು ಕಲ್ಲುಗಳ ಮೇಲೆ ಇಳಿಸಿ, ತಾವೂ ಅಲ್ಲಲ್ಲೇ ಕೆಸರಿನಲ್ಲಿ ಕುಸಿದು ಕೂತರು. ಕ್ರಿಸ್ಪುಲೋ ಒಂದೇ ನೆಗೆತಕ್ಕೆ ಮೇಲೆ ಹತ್ತಿದ. ಮಕಾರಿಯೋ ಮಾತ್ರ ಏಣಿಯ ಬುಡದಲ್ಲಿ ತಲೆತಗ್ಗಿಸಿ ನಿಂತುಬಿಟ್ಟ. ಒಳಗಿನದು ಒಂದೇ ದನಿ, ಮಗುವಿನದು. ತಾಯಿ ಹೇಗಿದ್ದಾಳೆಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಗುಡ್ಡವನ್ನು ಹತ್ತಿದವನಿಗೆ ಆ ಏಣಿ ಹತ್ತಲಾಗಲಿಲ್ಲ. ಆಗ ಒಳಗಿಂದ, ಕೂಗಿ ಕೂಗಿ ಬಳಲಿದ, ಬತ್ತಿದ ದನಿಯೊಂದು ಬಂತು.

"ಅಪ್ಪಾ, ನಡುವಿನ ಮೆಟ್ಟಿಲು ಮುರಿದಿದೆ. ನೋಡಿಕೊಂಡು ಹತ್ತು."

ಮುದುಕ ಏಣಿಯನ್ನು ತಬ್ಬಿಕೊಂಡು ಅತ್ತ ಎನ್ನುತ್ತಾರೆ.

ಆ ಮನೆ ಎಂದೋ ಗೆದ್ದಲು ಹಿಡಿದು ಹೋಯಿತು, ಕಲ್ಲುಗಳು ಉಳಿದವು. ಊರು ಮತ್ತೆ ಕೆಳಗೆ ಎದ್ದಿತು, ಇಗರ್ಜಿ ಕಲ್ಲಿನದಾಯಿತು. ಇಂದಿಗೂ ರಫಾಯೆಲನ ಹಬ್ಬದಂದು ಊರಿನವರು ಬಿದಿರಿನ ಪುಟ್ಟ ಮನೆಯೊಂದನ್ನು ಕಟ್ಟಿ, ಸಂತನನ್ನು ಅದರೊಳಗೆ ಕೂರಿಸಿ, ಹೆಗಲ ಮೇಲೆ ಪಸಾನ್ ಗುಡ್ಡಕ್ಕೆ ಹೊತ್ತೊಯ್ಯುತ್ತಾರೆ. ಬೇರೆ ಊರುಗಳ ಹಬ್ಬದಲ್ಲಿ ಕೇಳುವ ಕೇಕೆ, ತಮಟೆ ಇಲ್ಲಿಲ್ಲ. ಕಾಲಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬಂಡೆಯ ತಿರುವಿನಲ್ಲಿ ಒಂದು ಗಳಿಗೆ ನಿಂತು ಕಿವಿಗೊಡುತ್ತಾರೆ. ನೆತ್ತಿಗೆ ಬಂದ ಮೇಲೆ ಇಳಿಸುವುದಿಲ್ಲ. ನೆರೆದವರ ಕಂಕುಳಲ್ಲಿರುವ ಯಾವುದಾದರೊಂದು ಕೂಸು ಅಳುವವರೆಗೆ ಹಾಗೆಯೇ ಹೊತ್ತು ನಿಲ್ಲಬೇಕು. ಕೂಸನ್ನು ಚಿವುಟುವಂತಿಲ್ಲ, ಹೆದರಿಸುವಂತಿಲ್ಲ, ಅದಾಗಿಯೇ ಅಳಬೇಕು. ಕೆಲವು ವರ್ಷ ಕೂಸುಗಳೆಲ್ಲ ಗಾಢ ನಿದ್ದೆಯಲ್ಲಿರುತ್ತವೆ. ಆಗ ಆ ದಾಂಡಿಗರ ಫಜೀತಿ ನೋಡಬೇಕು! ಕೊನೆಗೊಂದು ಕೂಸು ಬಾಯಿ ತೆರೆದಾಗ ಗುಡ್ಡದ ತುಂಬ ಏಳುವ ಹರ್ಷದ ಕೂಗು ಆಚೆ ದ್ವೀಪದವರಿಗೂ ಕೇಳುತ್ತದಂತೆ.

ಮನೆ ಕೂತ ಮೇಲೆ ಸಂತನಿಗೆ ಮೇಣದ ಬತ್ತಿ ಹಚ್ಚಲು ಜನ ಸಾಲುಗಟ್ಟಿ ಏಣಿ ಹತ್ತುತ್ತಾರೆ. ಹೊಸ ಬಿದಿರು, ಹೊಸ ಹಗ್ಗ, ಆದರೂ ನಡುವಿನ ಮೆಟ್ಟಿಲನ್ನು ಮುರಿದೇ ಕಟ್ಟಿರುತ್ತಾರೆ. ಹೊರಗಿನಿಂದ ಬಂದವರು ಅದನ್ನು ಕಂಡು, ಇಷ್ಟೆಲ್ಲ ಮಾಡಿದವರು ಇದೊಂದನ್ನು ಸರಿಮಾಡಬಾರದಿತ್ತೇ ಎಂದು ನಗುತ್ತಾರೆ. ಏಣಿಯ ಬುಡದಲ್ಲಿ ಊರಿನ ಹಿರಿಯನೊಬ್ಬ ಬರಿಗಾಲಿನಲ್ಲಿ ನಿಂತಿರುತ್ತಾನೆ. ನಗುವವರಿಗೆ ಅವನು ಏನನ್ನೂ ವಿವರಿಸುವುದಿಲ್ಲ. ಹತ್ತಲು ಬಂದ ಪ್ರತಿಯೊಬ್ಬರ ಮೊಣಕೈ ಹಿಡಿದು, "ನಡುವಿನ ಮೆಟ್ಟಿಲು ಮುರಿದಿದೆ, ನೋಡಿಕೊಂಡು ಹತ್ತಿ" ಎನ್ನುತ್ತಾನೆ.